ಭಾವ ಬಾರದವರ ಭಕ್ತಿ

ಬಳ್ಳಾರಿಯ ಕನಕದುರ್ಗಮ್ಮನ ಗುಡಿಯಲ್ಲಿ ಅಮ್ಮನ ದರ್ಶನವಾದೊಡನೆ ಕೆಲವರ ಗಂಟಲು ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಅದೇ ಸಾಲಿನಲ್ಲಿ ಹಣ್ಣುಕಾಯಿ ಹಿಡಿದು ನಿಂತ ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಕೈ ಮುಗಿಯುತ್ತಾರೆ, ಕುಂಕುಮ ಹಚ್ಚಿಕೊಳ್ಳುತ್ತಾರೆ, ಹೊರಗೆ ಬರುತ್ತಾರೆ. ಇವರು ನಾಸ್ತಿಕರಲ್ಲ. ದೇವರಿದ್ದಾನೆಂಬ ನಂಬಿಕೆ ಇವರಿಗೂ ಇದೆ. ಆದರೆ ಅವನ ಮೇಲೆ ಪ್ರೀತಿ ಉಕ್ಕುವುದಿಲ್ಲ. ಹಾಗಾದರೆ ನನ್ನದು ಭಕ್ತಿಯೇ ಅಲ್ಲವೇನೋ ಎಂಬ ಅಳುಕು ಒಳಗೊಳಗೇ ಕೊರೆಯುತ್ತದೆ. ಈ ಅಳುಕಿನ ಬುಡದಲ್ಲಿ ಒಂದು ಊಹೆಯಿದೆ: ಮೊದಲು ಭಾವ ಹುಟ್ಟಬೇಕು, ಭಕ್ತಿ ಆಮೇಲೆ. ನಮ್ಮ ನಾಡಿನ ಭಕ್ತಿಶಾಸ್ತ್ರಗಳನ್ನು ಸಮಾಧಾನದಿಂದ ನೋಡಿದರೆ ಕ್ರಮ ತಿರುವುಮುರುವಾಗಿದೆ. ಭಾವವಿಲ್ಲದ ಸ್ಥಿತಿ ದಾರಿಯಿಂದಾಚೆ ಬಿದ್ದಂತೆ ಅಲ್ಲ. ಅದು ದಾರಿಯೊಳಗಿನದೇ ಒಂದು ಹಂತ.

ಶರಣರ ಷಟ್‌ಸ್ಥಲವನ್ನೇ ನೋಡಿ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಆರು ಬಗೆಯ ಭಕ್ತಿಯನ್ನು ಹೇಳಲಾಗಿದೆ. ಶ್ರದ್ಧೆ ಮೊದಲನೆಯದು, ನಿಷ್ಠೆ ಎರಡನೆಯದು, ಅವಧಾನ ಮೂರನೆಯದು. ಅನುಭಾವ ಬರುವುದು ನಾಲ್ಕರಲ್ಲಿ, ಆನಂದ ಐದರಲ್ಲಿ, ಕೊನೆಗೆ ಸಮರಸ. ಮನಸ್ಸು ಅರಳುವ ಭಕ್ತಿ ಐದನೆಯ ಮೆಟ್ಟಿಲಲ್ಲಿದೆ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಮೊದಲ ಮೂರರಲ್ಲಿ ಕೇಳಿರುವುದು ನಂಬುಗೆ, ಬಿಡದ ಹಟ, ಎಚ್ಚರ. ಇಷ್ಟಲಿಂಗದ ಪೂಜೆಯೂ ಹಾಗೆಯೇ ರೂಪುಗೊಂಡಿದೆ. ಮಿಂದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅದರ ಕಪ್ಪು ಕಂತಿಯ ಹೊಳಪಿನ ಮೇಲೆ ದೃಷ್ಟಿ ನಿಲ್ಲಿಸಬೇಕು. ಕಣ್ಣು ಜಾರುತ್ತದೆ, ಮತ್ತೆ ತರಬೇಕು. ಇಂದು ಮನಸ್ಸು ಹೇಗಿದೆ ಎಂದು ಆ ಕ್ರಿಯೆ ಕೇಳುವುದಿಲ್ಲ; ನೋಟ ನಿಂತಿದೆಯೇ ಎಂದಷ್ಟೇ ಕೇಳುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಈ ಮಾತಿಗೆ ಒಂದು ದೊಡ್ಡ ಸಾಕ್ಷಿಯಿದೆ ಎಂದು ನನಗೆ ತೋರುತ್ತದೆ. ಬೇರೆ ಶಿವಾಲಯಗಳಲ್ಲಿ ಬಸವ ಲಿಂಗದೆದುರು ಕೂತ ಸೇವಕ. ಇಲ್ಲಿ ಆಳೆತ್ತರ ಮೀರಿದ ಆ ಏಕಶಿಲೆಯ ಬಸವನೇ ಪೂಜೆಗೊಳ್ಳುವ ದೇವರು, ತೇರು ಎಳೆಯುವುದೂ ಅವನ ಹೆಸರಿನಲ್ಲೇ. ಕದಲದೆ ಕೂರುವುದನ್ನೇ ಈ ಊರು ಪೂಜ್ಯವೆಂದು ಎತ್ತಿಹಿಡಿದಿದೆ.

ಇದು ಶೈವರ ಮಾತಷ್ಟೇ ಅಲ್ಲ. ಸಿರುಗುಪ್ಪದ ಹತ್ತಿರ, ತುಂಗಭದ್ರೆಯ ದಡದ ಕೆಂಚನಗುಡ್ಡದಲ್ಲಿ ವಸುಧೇಂದ್ರ ತೀರ್ಥರ ವೃಂದಾವನವಿದೆ. ಅವರು ಸೇರಿದ ಮಾಧ್ವ ಪರಂಪರೆ ಭಕ್ತಿಯನ್ನು ಸ್ನೇಹವೆಂದೇ ಕರೆಯುತ್ತದೆ, ನಿಜ. ಆದರೆ ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಆ ಸ್ನೇಹಕ್ಕೆ ಮುಂಚೆ ಭಗವಂತನ ಮಹಿಮೆಯ ಅರಿವನ್ನು ಇಟ್ಟರು. ಆ ಸ್ನೇಹ ಗಟ್ಟಿಯಾಗಿರಬೇಕು, ಉಳಿದೆಲ್ಲ ಪ್ರೀತಿಗಿಂತ ಹೆಚ್ಚಿನದಾಗಿರಬೇಕು ಎಂದರು. ಅಡ್ಡಿಗಳು ಸಾವಿರ ಬಂದರೂ ತಡೆಯದ ಪ್ರವಾಹ ಎಂದು ಜಯತೀರ್ಥರು ಅದನ್ನೇ ಬಿಡಿಸಿದರು. ಅಳತೆಗೋಲು ಬಾಳಿಕೆಯದು, ಬಿಸಿಯದಲ್ಲ. ಸ್ನೇಹ ಇನ್ನೂ ಮೂಡದವನಿಗೂ ಶ್ರವಣ ಮನನಗಳ ಬಾಗಿಲು ತೆರೆದೇ ಇದೆ. ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಹೇಳಿದ ಏಳು ಸಾಧನಗಳಲ್ಲಿ ಕೊನೆಯ ಎರಡು ನನಗೆ ಬಹಳ ಮುಖ್ಯವೆನಿಸುತ್ತವೆ: ಕುಗ್ಗದಿರುವುದು ಒಂದು, ಅತಿಯಾಗಿ ಹಿಗ್ಗದಿರುವುದು ಇನ್ನೊಂದು. ಭಾವದ ಬರವೂ ಭಾವದ ನೆರೆಯೂ ಸ್ಮರಣೆಯ ಧಾರೆಯನ್ನು ಕಡಿಯುತ್ತವೆ ಎಂಬ ಎಚ್ಚರ ಅಲ್ಲಿದೆ.

ಒಳಗಿಲ್ಲದ್ದನ್ನು ಹೊರಗೆ ಮಾಡುವುದು ಡಾಂಭಿಕತೆಯಲ್ಲವೇ ಎಂಬ ಆಕ್ಷೇಪ ಇಲ್ಲಿ ಬರುತ್ತದೆ, ಬರಬೇಕಾದದ್ದೇ. ಬಸವಣ್ಣನವರೇ ತೋರಿಕೆಯ ಪೂಜೆಯನ್ನು ಕಟುವಾಗಿ ಟೀಕಿಸಿದವರು. ಆದರೆ ಅವರು ಬೈದದ್ದು ಯಾರನ್ನು? ಕಲ್ಲಿನ ಹಾವಿಗೆ ಹಾಲು ಎರೆದು ಜೀವಂತ ಹಾವನ್ನು ಹೊಡೆಯುವವರನ್ನು, ಹಸಿದು ಬಂದ ಜಂಗಮನನ್ನು ಅಟ್ಟಿ ಲಿಂಗಕ್ಕೆ ನೈವೇದ್ಯ ಹಿಡಿಯುವವರನ್ನು. ಅವರ ಸಿಟ್ಟು ನುಡಿಗೂ ನಡೆಗೂ ನಡುವಣ ಬಿರುಕಿನ ಮೇಲೆ; ನಡೆಗೂ ಭಾವಕ್ಕೂ ನಡುವಣ ಅಂತರದ ಮೇಲಲ್ಲ. ಇಲ್ಲದ ಭಾವವನ್ನು ಇದೆಯೆಂದು ನಟಿಸಿದರೆ, ಬಾರದ ಕಣ್ಣೀರನ್ನು ತಂದುಕೊಂಡರೆ ಅದು ಡಂಭ. ಏನೂ ಅನಿಸುತ್ತಿಲ್ಲವೆಂದು ದೇವರೆದುರೇ ಒಪ್ಪಿಕೊಂಡು ದೀಪ ಹಚ್ಚಿದರೆ ಅಲ್ಲಿ ಸುಳ್ಳಿನ ಎಳೆಯೂ ಇಲ್ಲ.

ಪ್ರೀತಿಯನ್ನು ಅಪ್ಪಣೆಯಿಂದ ಹುಟ್ಟಿಸಲಾಗದು ಎಂಬುದು ಇದಕ್ಕಿಂತ ಆಳದ ಆಕ್ಷೇಪ. ಜರ್ಮನ್ ದಾರ್ಶನಿಕ ಇಮ್ಯಾನ್ಯುಯೆಲ್ ಕಾಂಟ್ 1785ರಲ್ಲಿ ಬರೆದ ನೀತಿಶಾಸ್ತ್ರದ ಗ್ರಂಥದಲ್ಲಿ ಇದನ್ನು ಒಪ್ಪಿಕೊಂಡೇ ಒಂದು ಬೇರ್ಪಡಿಕೆ ಮಾಡಿದ: ಒಲವಾಗಿ ಹರಿಯುವ ಪ್ರೀತಿಗೆ ಆಜ್ಞೆ ನಾಟದು, ಸಂಕಲ್ಪದಲ್ಲಿ ನೆಲೆಸಿದ ಪ್ರೀತಿಗೆ ನಾಟುತ್ತದೆ. ಮನೆಗಳಲ್ಲಿ ಇದು ದಿನವೂ ಕಾಣುವ ಸಂಗತಿ. ಹಾಸಿಗೆ ಹಿಡಿದ ಅಪ್ಪನ ಬಟ್ಟೆ ಬದಲಿಸುತ್ತ, ಗಂಜಿ ಕುಡಿಸುತ್ತ ವರ್ಷಗಳನ್ನು ಕಳೆದ ಮಗಳಲ್ಲಿ ಆಯಾಸವಲ್ಲದೆ ಬೇರೇನೂ ಉಳಿದಿರುವುದಿಲ್ಲ. ಅವಳಿಗೆ ಅಪ್ಪನ ಮೇಲೆ ಪ್ರೀತಿಯಿಲ್ಲವೆಂದು ಯಾರೂ ಅನ್ನುವುದಿಲ್ಲ; ಅವಳ ಪ್ರೀತಿ ಇರುವುದೇ ಆ ಕೆಲಸದಲ್ಲಿ. 2007ರಲ್ಲಿ ಪ್ರಕಟವಾದ ಮದರ್ ತೆರೇಸಾ ಅವರ ಪತ್ರಗಳನ್ನು ಓದಿದ ಲೋಕ ಬೆಚ್ಚಿತು. ಸುಮಾರು ಅರ್ಧ ಶತಮಾನ ಅವರಿಗೆ ದೇವರ ಸಾನ್ನಿಧ್ಯದ ಅನುಭವ ಹೆಚ್ಚುಕಡಿಮೆ ಇರಲೇ ಇಲ್ಲ. ಕೊಲ್ಕತ್ತದ ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಂಡದ್ದು ಆ ಬರಗಾಲದಲ್ಲೇ.

ಎಲ್ಲ ಬತ್ತುವಿಕೆಯೂ ಅಧ್ಯಾತ್ಮದ್ದಲ್ಲ ಎಂಬುದನ್ನೂ ಹೇಳಬೇಕು. ಊಟ, ಮಕ್ಕಳ ನಗು, ಕೈಯ ಕೆಲಸ ಯಾವುದೂ ರುಚಿಸದೆ ವಾರಗಟ್ಟಲೆ ಕಳೆದರೆ ಹೋಗಬೇಕಾದದ್ದು ಮನೋವೈದ್ಯರ ಹತ್ತಿರ. ಅಂಥವರಿಗೆ ಇನ್ನಷ್ಟು ಜಪ ಮಾಡಿ ಎನ್ನುವುದು ಕ್ರೌರ್ಯ.

ಕೊನೆಯ ಪ್ರಶ್ನೆ ಉಳಿಯುತ್ತದೆ: ಹೀಗೆ ನಡೆದರೆ ಭಾವ ಬಂದೇ ಬರುತ್ತದೆಯೇ? ಯಾವ ಪರಂಪರೆಯೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ. ಕೊಟ್ಟಿದ್ದರೆ ಭಕ್ತಿ ವ್ಯಾಪಾರವಾಗುತ್ತಿತ್ತು. ಗೀತೆಯ 12ನೇ ಅಧ್ಯಾಯ ಮಾಡುವುದು ಬೇರೆ ಕೆಲಸ: ಆಗದವನಿಗಾಗಿ ಮೆಟ್ಟಿಲು ಇಳಿಸುತ್ತ ಹೋಗುತ್ತದೆ. ಮನಸ್ಸು ನನ್ನಲ್ಲಿ ನಿಲ್ಲದಿದ್ದರೆ ಅಭ್ಯಾಸ ಮಾಡು, ಅದೂ ಆಗದಿದ್ದರೆ ನನಗಾಗಿ ಕೆಲಸ ಮಾಡು, ಅದೂ ಆಗದಿದ್ದರೆ ಮಾಡಿದ್ದರ ಫಲದ ಆಸೆ ಬಿಡು ಎನ್ನುತ್ತಾನೆ ಕೃಷ್ಣ. ಜಪಕ್ಕೆ ಕೂರಲಾಗದವರು ದಾಸೋಹದಲ್ಲಿ ಅಕ್ಕಿ ಆರಿಸಲು ಕೂರಬಹುದು, ಉಂಡವರ ಎಲೆ ಎತ್ತಬಹುದು. ಇದು ಕೈಲಾಗದವರ ಕೀಳು ಭಕ್ತಿ ಎಂದು ನಾಚಬೇಕಿಲ್ಲ. ಮುಂದಿನ ಶ್ಲೋಕದಲ್ಲೇ ಗೀತೆ ಆ ಕೊನೆಯ ಮೆಟ್ಟಿಲಾದ ಫಲತ್ಯಾಗವನ್ನು ಧ್ಯಾನಕ್ಕಿಂತ ಮೇಲಿಟ್ಟಿದೆ.