ಕುರ್ಚಿಯಲ್ಲಿ ಮೊದಲು ಕುಳಿತವರು

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ನಾಯಂಡಹಳ್ಳಿಯಲ್ಲಿ ನಮ್ಮ ವಾಸ. ಮನೆ ಎನ್ನುವುದಕ್ಕಿಂತ ಮೂರನೆಯ ಮಹಡಿಯ ಎರಡು ಕೋಣೆ ಎಂದರೆ ಸರಿಯಾದೀತು. ಕೆಳಗೆ ಬಸ್ಸು ಲಾರಿಗಳ ಭರಾಟೆ; 2021ರಿಂದ ಈಚೆಗೆ ಕಿಟಕಿಯ ಮಟ್ಟದಲ್ಲಿಯೇ ಮೆಟ್ರೋ ರೈಲಿನ ಓಡಾಟ; ಪಕ್ಕದಲ್ಲಿ, ನದಿಯೆಂಬ ಹೆಸರನ್ನು ಮಾತ್ರ ಉಳಿಸಿಕೊಂಡಿರುವ ವೃಷಭಾವತಿ. ಇಂಥ ಮನೆಗೆ ಹೋದ ವರ್ಷ ಊರಿನಿಂದ ಒಂದು ಕುರ್ಚಿ ಬಂತು. ಹಳೆಯ ಮನೆಯನ್ನು ಪಾಲು ಮಾಡಿದಾಗ ನನ್ನ ಪಾಲಿಗೆ ಬಂದದ್ದು ಅದು. ಪಾತ್ರೆ ಪರಟಿಗಳನ್ನು ಕೇಳಿದವರು ಇದ್ದರು. ಕುರ್ಚಿಯನ್ನು ಯಾರೂ ಕೇಳಲಿಲ್ಲ.

ಅದು ನಮ್ಮ ತಾತನವರ ಆರಾಮ ಕುರ್ಚಿ. ಹಲಸಿನ ಮರದ್ದು. ಬೆತ್ತದ ಹೆಣಿಗೆ. ಎರಡು ಕೈಗಳ ಕೆಳಗೂ ಉದ್ದನೆಯ ಹಲಗೆಗಳಿವೆ. ಅವನ್ನು ಮುಂದಕ್ಕೆ ತಿರುಗಿಸಿ ಮೇಲೆ ಕಾಲು ಚಾಚಬಹುದು. ಕಾಫಿ ತೋಟದ ದೊರೆಗಳ ಬಂಗಲೆಗಳಲ್ಲಿ, ಸರ್ಕಾರದ ಪ್ರವಾಸಿ ಬಂಗಲೆಗಳಲ್ಲಿ ಇಂಥವನ್ನು ನೋಡಿದವರುಂಟು. ನಮ್ಮದು ಅಂಥ ಒಂದು ಬಂಗಲೆಯ ಕುರ್ಚಿಯನ್ನು ಕಣ್ಣಳತೆಯಲ್ಲಿ ನೋಡಿಕೊಂಡು ಬಂದು ಮಂಡ್ಯದ ಸೀಮೆಯ ಒಬ್ಬ ಹಳ್ಳಿಯ ಆಚಾರಿ ಮಾಡಿದ್ದು. ಒಂದು ಹಿಂಗಾಲು ಸಡಿಲವಾಗಿತ್ತು, ಬೆತ್ತ ಹರಿದಿತ್ತು. ಎರಡು ಕೋಣೆಯ ಮನೆಯಲ್ಲಿ ಅದು ಮಲಗಿದ ಎಮ್ಮೆಯಂತೆ ದಾರಿಗೆ ಅಡ್ಡವಾಗಿತ್ತು.

ಹಳೆಯ ಮನೆಗಳನ್ನು ಕೆಡವಿದಾಗ ಬರುವ ಬಾಗಿಲು, ಕಂಬ, ತೊಟ್ಟಿಲುಗಳನ್ನು ಕೊಂಡು ಮಾರುವ ವ್ಯಾಪಾರಿಯೊಬ್ಬರನ್ನು ಕರೆತಂದು ತೋರಿಸಿದೆ. ಅವರು ಸುತ್ತಲೂ ನೋಡಿ, ಬೆರಳಿನಿಂದ ತಟ್ಟಿ, 18,000 ರೂಪಾಯಿ ಕೊಡುತ್ತೇನೆಂದರು. ಆಮೇಲೆ ಒಂದು ಮಾತು ಸೇರಿಸಿದರು: “ಬ್ರಿಟಿಷ್ ದೊರೆ ಬಂಗ್ಲೆಯದು ಅಂತ ಹೇಳಿದರೆ ನಮಗೆ ಇದರ ಎರಡರಷ್ಟು ಬರುತ್ತೆ ಸಾರ್. ಹಳ್ಳಿ ಆಚಾರಿ ಮಾಡಿದ್ದು ಅಂತ ಮಾತ್ರ ಯಾರ ಹತ್ತಿರವೂ ಹೇಳಬೇಡಿ.”

ವ್ಯಾಪಾರಿಯ ಮೇಲೆ ನನಗೆ ಕೋಪ ಬರಲಿಲ್ಲ. ಅವರು ಪೇಟೆಯ ಸತ್ಯವನ್ನು ಹೇಳಿದರು. ಆದರೆ ಆ ಸತ್ಯ ವಿಚಿತ್ರವಾದದ್ದು. ಕೂತವನ ಹೆಸರಿನಿಂದ ಕುರ್ಚಿಯ ಬೆಲೆ ಏರುತ್ತದೆ. ಮಾಡಿದವನ ಹೆಸರಿನಿಂದ ಇಳಿಯುತ್ತದೆ. ಹಳೆಯ ವಸ್ತುವೊಂದನ್ನು ನಾವು ಗೌರವಿಸುತ್ತೇವೆ ಎನ್ನುವಾಗ ಗೌರವಿಸುವುದು ಯಾರನ್ನು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ದೊರೆಗಳ ದೇಶದಲ್ಲಿಯೇ ಈ ವಿಷಯ ಬೇರೊಂದು ದಾರಿ ಹಿಡಿದಿದೆ. ಅಲ್ಲಿಯೂ ಬಹುಕಾಲ ಬೆಲೆಯಿದ್ದದ್ದು ಅರಮನೆ, ದೊಡ್ಡಮನೆಗಳ ಪೀಠಗಳಿಗೆ. ರೈತರ, ಕೂಲಿಕಾರರ ಮನೆಯ ಕುರ್ಚಿಗಳು ಸೌದೆಯ ಲೆಕ್ಕದಲ್ಲಿದ್ದವು. ಬರ್ನಾರ್ಡ್ ಕಾಟನ್ ಎಂಬ ವಿದ್ವಾಂಸರು ಅವುಗಳನ್ನು ಜಿಲ್ಲೆಯಿಂದ ಜಿಲ್ಲೆಗೆ ಅರಸಿ ನೋಡಿ, ಇಂಗ್ಲೆಂಡಿನ ಪ್ರಾಂತೀಯ ಕುರ್ಚಿಗಳ ಬಗ್ಗೆ 1990ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ಐರ್ಲೆಂಡಿನ ಹಳ್ಳಿಮನೆಗಳ ಪೀಠೋಪಕರಣಗಳನ್ನು ಕುರಿತು ಕ್ಲಾಡಿಯಾ ಕಿನ್ಮಂತ್ ಅವರ ಪುಸ್ತಕ 1993ರಲ್ಲಿ ಬಂತು. ಇವರಿಂದ ತಿಳಿಯುವ ಮೊದಲ ಪಾಠವೆಂದರೆ, ಭಾಷೆಗೆ ಪ್ರಾಂತಭೇದ ಇರುವಂತೆ ಕುರ್ಚಿಗೂ ಇರುತ್ತದೆ ಎನ್ನುವುದು. ನಮ್ಮಲ್ಲಿ ಧಾರವಾಡದ ಕನ್ನಡ, ಕುಂದಾಪುರದ ಕನ್ನಡ ಇದ್ದ ಹಾಗೆ.

ಬಕಿಂಗ್‌ಹ್ಯಾಮ್‌ಷೈರಿನ ಹೈ ವಿಕಮ್ ಊರಿನ ಸುತ್ತ ಬೀಚ್ ಮರದ ಕಾಡು. ಆದ್ದರಿಂದ ಅಲ್ಲಿ ವಿಂಡ್ಸರ್ ಕುರ್ಚಿ ಬೆಳೆಯಿತು. ಸೀಳಿಹೋಗದ ಎಲ್ಮ್ ಮರದ ಒಂದು ದಪ್ಪ ಹಲಗೆಯೇ ಅದರ ಆಸನ. ಮೇಲಿನಿಂದ ಬೆನ್ನಿನ ಕಡ್ಡಿಗಳನ್ನೂ ಕೆಳಗಿನಿಂದ ಕಾಲುಗಳನ್ನೂ ಆ ಹಲಗೆಗೇ ತೂತು ಕೊರೆದು ಸಿಕ್ಕಿಸುತ್ತಾರೆ. ಕಾಲುಗಳನ್ನು ಕಡೆಯುವವರು ಕಾಡಿನಲ್ಲಿಯೇ ಬಿಡಾರ ಹೂಡಿ, ಕಾಲಿನಿಂದ ತುಳಿಯುವ ಚರಕಿಯಲ್ಲಿ ಹಸಿ ಮರವನ್ನು ಕಡೆದು, ಪಟ್ಟಣದ ಕಾರ್ಖಾನೆಗಳಿಗೆ ಒದಗಿಸುತ್ತಿದ್ದರು. ಲ್ಯಾಂಕಾಷೈರಿನಲ್ಲಿ ಏಣಿಯಂಥ ಬೆನ್ನು, ಜೊಂಡಿನ ಹೆಣಿಗೆಯ ಆಸನ. ಮರವೇ ಬೆಳೆಯದ ಆರ್ಕ್ನಿ ದ್ವೀಪಗಳಲ್ಲಿ ಸಮುದ್ರ ತಂದೆಸೆದ ತುಂಡುಗಳೇ ಚೌಕಟ್ಟು. ಗಾಳಿಗೆ ಮರೆಯಾಗುವಂತೆ ಹುಲ್ಲಿನಿಂದ ಹೆಣೆದ ಬೆನ್ನು. ಐರ್ಲೆಂಡಿನಲ್ಲಿ ಹುಲ್ಲನ್ನು ಹುರಿ ಮಾಡಿ ಆಸನಕ್ಕೆ ಸುತ್ತುತ್ತಿದ್ದರು. ಅಲ್ಲಿಯ ಬಡವರ ಪೀಠಗಳು ತಗ್ಗಾಗಿದ್ದವು. ಒಲೆಯ ಹೊಗೆ ಮೇಲೆ ತುಂಬಿಕೊಳ್ಳುವ ಗುಡಿಸಲಿನಲ್ಲಿ ತಗ್ಗಿನಲ್ಲಿ ಕೂತವನಿಗೆ ಮಾತ್ರ ಉಸಿರಾಟ ಸುಲಭ. ಎಷ್ಟೋ ಪೀಠಗಳಿಗೆ ಮೂರೇ ಕಾಲು, ಏಕೆಂದರೆ ಹಳ್ಳ ದಿಣ್ಣೆಯ ಮಣ್ಣುನೆಲದ ಮೇಲೆ ಮೂರು ಕಾಲಿನದು ಅಲುಗಾಡುವುದಿಲ್ಲ. ನಾವು ಶೈಲಿ ಎಂದು ಕರೆಯುವುದರ ಹಿಂದೆ ಎಷ್ಟು ಬಡತನ, ಎಷ್ಟು ಜಾಣ್ಮೆ ಅಡಗಿದೆ ನೋಡಿ!

ಎರಡನೆಯ ಪಾಠ ನನಗೆ ಇನ್ನೂ ಮುಖ್ಯವಾದದ್ದು. ಕೆಲವು ಕುರ್ಚಿಗಳ ಮರದಲ್ಲಿ ಮಾಡಿದವನ ಹೆಸರಿನ ಮುದ್ರೆ ಒತ್ತಿರುತ್ತದೆ. ಆ ಮುದ್ರೆಗಳನ್ನು ಹಳೆಯ ದಾಖಲೆಗಳೊಡನೆ ತಾಳೆ ನೋಡಿ, ಇದು ಇಂಥ ಊರಿನ ಇಂಥವನ ಕೈ ಎಂದು ಕಾಟನ್ ಗುರುತಿಸುತ್ತ ಹೋದರು. ಅನಾಮಿಕವಾಗಿದ್ದ ರಾಶಿಯೊಳಗಿಂದ ಮನುಷ್ಯರು ಒಬ್ಬೊಬ್ಬರಾಗಿ ಎದ್ದುಬಂದರು.

ಹಾಗೆಂದು ಆ ದೇಶ ಸಮಾನತೆಯ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಕಾಡಿನಲ್ಲಿ ಕಾಲು ಕಡೆಯುವವನ ಕೂಲಿ ಅತ್ಯಲ್ಪ. ಕೈಗಳಿರುವ ಕುರ್ಚಿ ಮನೆಯ ಯಜಮಾನನಿಗೆ. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ಕುರ್ಚಿ ಮಾಡುವವನ ಗುಡಿಸಲಿನಲ್ಲಿಯೂ ಒಂದು ಕುರ್ಚಿಯಿತ್ತು.

ನಮ್ಮಲ್ಲಿ? ಚಾಪೆ, ಮಣೆ, ಜಗಲಿ ನಮ್ಮ ಆಸನಗಳು. ಅವುಗಳಲ್ಲಿ ಕೀಳರಿಮೆಯದೇನೂ ಇಲ್ಲ. ಎಲ್ಲರೂ ನೆಲದ ಮೇಲೆ ಕೂತರೆ ನೆಲ ಸಮಾನವೇ. ಕುರ್ಚಿ ಹಳ್ಳಿಗೆ ಬಂದದ್ದು ಕಚೇರಿಯ ಜೊತೆಯಲ್ಲಿ. ಅದು ಕೂರುವ ಸಾಧನವಾಗುವುದಕ್ಕೆ ಮೊದಲು ಇತರರನ್ನು ನಿಲ್ಲಿಸುವ ಸಾಧನವಾಯಿತು. ಹಾಗೆಂದು ದೋಷವನ್ನೆಲ್ಲ ಕುರ್ಚಿಯ ಮೇಲೆ ಹಾಕುವಂತಿಲ್ಲ; ನೆಲವನ್ನೂ ನಾವು ಸಮಾನವಾಗಿ ಬಿಟ್ಟಿರಲಿಲ್ಲ. ಬಾಲಕ ಅಂಬೇಡ್ಕರರು ಶಾಲೆಯಲ್ಲಿ ಕೂರಲು ತಮ್ಮ ಗೋಣಿತಟ್ಟನ್ನು ತಾವೇ ಹೊತ್ತು ಹೋಗಬೇಕಾಗಿತ್ತು. ಯಾರು ಎಲ್ಲಿ ಕೂರಬೇಕು ಎಂಬ ಶಾಸ್ತ್ರವನ್ನು ನಾವು ಕುರ್ಚಿಗಿಂತ ಬಹಳ ಹಿಂದೆಯೇ ರಚಿಸಿದ್ದೆವು.

ಈಗ ನಮ್ಮ ಕುರ್ಚಿಯ ಕಥೆಗೆ ಬರುತ್ತೇನೆ. ನಮ್ಮ ತಾತ ಊರಿನ ಶಾನುಭೋಗರು. ಕುರ್ಚಿ ಬಂದ ದಿನದ ಸಂಗತಿಯನ್ನು ನಮ್ಮಜ್ಜಿ ಎಷ್ಟೋ ಸಲ ಹೇಳುತ್ತಿದ್ದರು. ಆಚಾರಿ ಅದನ್ನು ತಲೆಯ ಮೇಲೆ ಹೊತ್ತು ತಂದು ಜಗಲಿಯ ಮೇಲಿಟ್ಟು, ಅಂಗಳಕ್ಕಿಳಿದು ಕೈಕಟ್ಟಿ ನಿಂತ. ತಾತ ಕೂತರು, ಒರಗಿದರು, ಕಾಲು ಚಾಚಿದರು. ತಮಗಾಗಿಯೇ ಎರಕ ಹೊಯ್ದ ಹಾಗಿತ್ತು. ಸಂತೋಷದಿಂದ ಕೇಳಿದರು: “ಇಷ್ಟು ಹದವಾಗಿ ಬಂದಿದೆಯಲ್ಲೋ ಆಚಾರಿ, ನೀನು ಕೂತು ನೋಡಿದೆಯೋ ಹೇಗೆ?” ಆಚಾರಿ ನಾಲಗೆ ಕಚ್ಚಿಕೊಂಡು, “ಎಲ್ಲಾದರೂ ಉಂಟೆ ಸ್ವಾಮಿ!” ಎಂದ. ತಾತ ನಕ್ಕು ಮೇಲೆ ಎರಡು ಕೊಳಗ ರಾಗಿ ಕೊಡಿಸಿದರು.

ಅಜ್ಜಿ ಈ ಕಥೆಯನ್ನು ಹೇಳುತ್ತಿದ್ದುದು ಆಚಾರಿಯ ಕೈಗುಣವನ್ನು ಹೊಗಳುವುದಕ್ಕಾಗಿ. ಬಾಲ್ಯದಲ್ಲಿ ನಾನೂ ಹಾಗೆಯೇ ಕೇಳಿದೆ. ಅದರಲ್ಲಿ ಒಂದು ಸುಳ್ಳು ಇರಬಹುದೆಂದು ಹೊಳೆಯುವುದಕ್ಕೆ ನನಗೆ ನಲವತ್ತು ವರ್ಷ ಬೇಕಾಯಿತು.

ಇದನ್ನು ಕುಟುಂಬದವರ ಮುಂದೆ ಆಡಿದಾಗ ನಮ್ಮ ದೊಡ್ಡಪ್ಪನ ಮಗ ಒಪ್ಪಲಿಲ್ಲ. “ಅಂದಿನ ಕಾಲವನ್ನು ಇಂದಿನ ಗಜಕಡ್ಡಿಯಲ್ಲಿ ಅಳೆಯಬೇಡ. ತಾತ ಯಾರಿಗೂ ಕೇಡು ಬಗೆದವರಲ್ಲ. ಕೊಡುವುದನ್ನು ಕೊಟ್ಟರು, ಮೇಲೆ ರಾಗಿಯನ್ನೂ ಕೊಟ್ಟರು. ಇನ್ನೇನು ಬಾಕಿ?” ಎಂದ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸತ್ತವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಸುಲಭ. ಅವರು ಎದುರು ಮಾತಾಡಲಾರರು. ಹಾಗೆ ಮಾಡಿದರೆ ನಮಗೆ ಪುಕ್ಕಟೆಯಾಗಿ ಒಂದು ಹಿರಿಮೆ ದೊರಕುತ್ತದೆ, ಅಷ್ಟೆ. ತಾತ ಒಳ್ಳೆಯವರೇ. ಆದರೆ ಒಳ್ಳೆಯವರೊಬ್ಬರ ಮುಂದೆಯೂ ತನ್ನ ಕೆಲಸದ ಬಗ್ಗೆ ಸುಳ್ಳು ಹೇಳಬೇಕಾದ ಸ್ಥಿತಿ ಆ ಆಚಾರಿಗೆ ಇದ್ದಿದ್ದರೆ, ಆಗ ಬಾಕಿ ಉಳಿದಿದೆಯೆಂದೇ ಅರ್ಥ. ಕೂಲಿಯಿಂದ ತೀರುವ ಬಾಕಿ ಅದಲ್ಲ.

ಇನ್ನೊಂದು ವಾದವುಂಟು. ಸೌಂದರ್ಯಕ್ಕೆ ಚರಿತ್ರೆಯ ಹಂಗೇಕೆ? ಚೆನ್ನಾಗಿದೆ, ಅಷ್ಟು ಸಾಲದೆ? ಸಾಕು ಎನ್ನಬಹುದಿತ್ತು, ನಾವು ನಿಜವಾಗಿಯೂ ಚರಿತ್ರೆಯನ್ನು ಬಿಟ್ಟಿದ್ದರೆ. ಆದರೆ ನಾವು ಬಿಡುವುದಿಲ್ಲ. ದೊರೆಯ ಬಂಗಲೆ ಎಂಬ ಚರಿತ್ರೆಗೆ ದುಪ್ಪಟ್ಟು ಹಣ ಕೊಡುತ್ತೇವೆ. ಆಚಾರಿಯ ಚರಿತ್ರೆಗೆ ಮಾತ್ರ ಸೌಂದರ್ಯವೇ ಸಾಕು ಎನ್ನುತ್ತೇವೆ.

ನಮ್ಮ ನಾಡು ಎಂದೂ ಹೀಗೆಯೇ ಇತ್ತೆ? 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಹನ್ನೆರಡನೆಯ ಶತಮಾನದಲ್ಲಿ ಬಿದಿರು ಹೆಣೆಯುವ ಮೇದಾರ ಕೇತಯ್ಯ ತನ್ನ ಕಸುಬನ್ನು ಹೆಸರಿನ ಮುಂದಿಟ್ಟುಕೊಂಡೇ ವಚನಕಾರನಾದ. ಕಲ್ಲಿನಲ್ಲಿ ದೇವರಿಗೆ ಕೆಲಸ ಮಾಡಿದವನಿಗೆ ಸಿಕ್ಕ ಆ ಜಾಗ, ಮರದಲ್ಲಿ ಮನುಷ್ಯನಿಗೆ ಕೆಲಸ ಮಾಡಿದವನಿಗೆ ಸಿಕ್ಕಲಿಲ್ಲ. ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಚನ್ನಪಟ್ಟಣ ಸಿಗುತ್ತದೆ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಅಲ್ಲಿಯ ಕೆಲಸಕ್ಕೆ ಈಗ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಅದು ಸ್ತುತ್ಯವಾದದ್ದೇ. ಆದರೂ ಬೊಂಬೆಯನ್ನು ಕೈಯಲ್ಲಿ ಹಿಡಿದವರಿಗೆ ಊರಿನ ಹೆಸರು ಗೊತ್ತು, ಕಡೆದ ಕೈಯ ಹೆಸರು ಗೊತ್ತಿಲ್ಲ.

ನಾನೂ ಆಚಾರಿಯ ಹೆಸರಿಗಾಗಿ ವಿಚಾರಿಸಿದೆ. ಅಜ್ಜಿ ತೀರಿಹೋಗಿ ಬಹಳ ವರ್ಷವಾಯಿತು. ಊರಿನ ಹಿರಿಯರೊಬ್ಬರನ್ನು ಕೇಳಿದೆ. “ಆಚಾರಿ ಅಂತಲೇ ಕರೀತಿದ್ದೆವು” ಎಂದರು. ಕುರ್ಚಿಯನ್ನು ಬೋರಲು ಹಾಕಿ ಹುಡುಕಿದೆ. ಸಂದುಗಳ ಪಕ್ಕದಲ್ಲಿ ಉಳಿಯಿಂದ ಕೊರೆದ ಗೀಟುಗಳಿದ್ದವು: ಒಂದು ಗೀಟಿನ ಕಾಲು ಒಂದು ಗೀಟಿನ ತೂತಿಗೆ, ಎರಡು ಗೀಟಿನದು ಎರಡು ಗೀಟಿನದಕ್ಕೆ. ಜೋಡಣೆ ತಪ್ಪದಿರಲೆಂದು ಹಾಕಿಕೊಂಡ ಗುರುತು. ಆತ ಬರೆದು ಬಿಟ್ಟುಹೋದದ್ದು ಅಷ್ಟೇ.

ಕುರ್ಚಿಯನ್ನು ಮಾರಲಿಲ್ಲ. ಮಾರಿದ್ದರೆ ಪಾಪವೇನೂ ಆಗುತ್ತಿರಲಿಲ್ಲ. ಸುಳ್ಳು ಹೇಳಿ ಮಾರುವವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಬದಲು, ರಿಪೇರಿಗೆಂದು ಬಡಗಿಯೊಬ್ಬರನ್ನು ಕರೆಸಿದೆ. ಇಪ್ಪತ್ತೈದರ ಯುವಕ. ಬಂದವರು ಚೀಲವನ್ನು ಕೆಳಗಿಟ್ಟು, ನಾನು ಏನನ್ನೂ ಹೇಳುವುದಕ್ಕೆ ಮೊದಲೇ, ಹರಿದ ಬೆತ್ತದ ಮೇಲೆ ಒಂದು ಹಲಗೆಯಿಟ್ಟು ಸರಾಗವಾಗಿ ಕೂತುಬಿಟ್ಟರು. ಹಿಂದಕ್ಕೊರಗಿ, ಅತ್ತಿತ್ತ ವಾಲಾಡಿ, ಕಿವಿಗೊಟ್ಟು ಕೇಳಿದರು. ನಾನು ನೋಡುತ್ತ ನಿಂತಿದ್ದೆ. ನನ್ನ ಮುಖದಲ್ಲಿ ಏನು ಕಂಡಿತೋ, “ಕೂತರೆ ತಾನೆ ಸಾರ್ ಗೊತ್ತಾಗೋದು, ಎಲ್ಲಿ ಸದ್ದು ಬರುತ್ತೆ ಅಂತ? ಕೂರದೆ ಕುರ್ಚಿ ಕೆಲಸ ಮಾಡೋಕಾಗುತ್ತಾ?” ಎಂದು ನಕ್ಕರು.

ತಾತನವರ ಪ್ರಶ್ನೆಗೆ ಎಷ್ಟೋ ವರ್ಷಗಳ ಮೇಲೆ ಸರಿಯಾದ ಉತ್ತರ ಬಂದಿತ್ತು. ಆ ಆಚಾರಿಯೂ ತನ್ನ ಕೊಟ್ಟಿಗೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡಾದರೂ, ಕೂತಿರಲೇಬೇಕು. ಒರಗಿ, ಕಾಲು ಚಾಚಿ, ಸರಿಯಿಲ್ಲವೆಂದು ಎದ್ದು ಮತ್ತೆ ಕೆತ್ತಿರಬೇಕು. ನಮ್ಮ ಮನೆತನದ ಕುರ್ಚಿಯೆಂದು ನಾವು ಹೇಳಿಕೊಂಡದ್ದರಲ್ಲಿ ಮೊದಲು ಕುಳಿತವರು ನಮ್ಮ ಮನೆತನದವರಲ್ಲ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಯಿತು. ಅಧಿಕಾರ ಹೋದರೂ ಕುರ್ಚಿ ಉಳಿಯಿತು. ಉಳಿದದ್ದು ಅಧಿಕಾರದ ಬಲದಿಂದಲ್ಲ, ಸಂದುಗಳ ಬಲದಿಂದ. ಆದ್ದರಿಂದ ಅದನ್ನು ಜೋಪಾನ ಮಾಡುವುದು ತಾತನವರ ನೆನಪಿಗಾಗಿ ಎಷ್ಟೋ, ಆ ಮನುಷ್ಯನ ನೆನಪಿಗಾಗಿಯೂ ಅಷ್ಟೇ ಆಗಬೇಕು. ಜೋಪಾನವೆಂದರೆ ಒರೆಸಿ ಮೂಲೆಯಲ್ಲಿಟ್ಟು ಅತಿಥಿಗಳಿಗೆ ತೋರಿಸುವುದಲ್ಲ. ಬಂದವರು ಯಾರೇ ಆಗಲಿ ಕೇಳದೆ ಕೂರುವಂತೆ ಅದನ್ನು ಮನೆಯ ನಡುವೆ ಇಡುವುದು. ಈಗ ಪೇಪರಿನ ಹುಡುಗ ತಿಂಗಳ ಲೆಕ್ಕ ಬರೆಯುವುದು ಅದರ ಮೇಲೆ ಕೂತೇ. ಮನೆಗೆಲಸಕ್ಕೆ ಬರುವಾಕೆ ಮೊದಮೊದಲು ನೆಲದ ಮೇಲೆಯೇ ಕೂತು ಕಾಫಿ ಕುಡಿಯುತ್ತಿದ್ದರು. ಈಗ ಕೆಲವು ದಿನ ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ಒರಗುವುದಕ್ಕೆ ಇನ್ನೂ ಸಂಕೋಚ. ಅದು ಅವರ ದೋಷವಲ್ಲ.

ರಿಪೇರಿ ಮುಗಿದ ದಿನ, ಆಸನದ ಚೌಕಟ್ಟಿನ ಒಳಮಗ್ಗುಲಲ್ಲಿ ನಿಮ್ಮ ಹೆಸರು ಬರೆಯಿರಿ ಎಂದು ಆ ಯುವಕರನ್ನು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ತಮ್ಮ ತಂದೆಯ ಹೆಸರನ್ನೂ ಆಮೇಲೆ ತಮ್ಮ ಹೆಸರನ್ನೂ ಬರೆದರು. ಹಳೆಯ ಗೀಟುಗಳ ಪಕ್ಕದಲ್ಲಿಯೇ ಅವು ಇವೆ.