ಕಾಡತೂಸಿನ ಮೈಲಿಗೆ

1857ರ ಜನವರಿಯಲ್ಲಿ ಕಲ್ಕತ್ತಾ ಬಳಿಯ ಡಮ್‌ಡಮ್‌ ಶಸ್ತ್ರಾಗಾರದಿಂದ ಒಂದು ಸುದ್ದಿ ಹಬ್ಬಿತು. ಎನ್‌ಫೀಲ್ಡ್ ಕೋವಿಯ ಹೊಸ ಕಾಡತೂಸಿಗೆ ದನದ ಕೊಬ್ಬು, ಹಂದಿಯ ಕೊಬ್ಬು ಸವರಿದ್ದಾರಂತೆ. ಆಗಿನ ಕಾಡತೂಸೆಂದರೆ ಕಾಗದದ ಸುರುಳಿ. ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಗಜದಿಂದ ಜಡಿಯಬೇಕಿತ್ತು. ಹಿಂದೂ, ಮುಸಲ್ಮಾನ ಸಿಪಾಯಿಗಳು ತಮ್ಮ ಧರ್ಮ ಕೆಟ್ಟಿತೆಂದು ಕನಲಿದರು. ಮೇ 10ರಂದು ಮೀರತ್‌ನಲ್ಲಿ ಸಿಪಾಯಿಗಳ ದಂಗೆ ಹೊತ್ತಿ ಉರಿಯಿತು.

ಧರ್ಮಕ್ಕಾಗಿ ಪ್ರಾಣ ಕೊಟ್ಟವರ ಸಂಕಟ ದೊಡ್ಡದು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ನಿಂತಿದೆ. ತುಟಿಗೆ ತಾಗುವ ಕೊಬ್ಬು ಮೈಲಿಗೆಯಾದರೆ, ಎದುರಿನವನ ಎದೆಗೆ ನಾಟುವ ಸೀಸ ಮಡಿಯೇ?

ನಲವತ್ತು ವರ್ಷಗಳ ಒಳಗೇ ಅದೇ ಡಮ್‌ಡಮ್‌ ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಿತು. ಬ್ರಿಟಿಷ್ ಸೈನ್ಯ 1888ರ ಹೊತ್ತಿಗೆ 'ತ್ರೀ ನಾಟ್ ತ್ರೀ' ಕಾಡತೂಸನ್ನು ತಂದಿತ್ತು. ಹಿತ್ತಾಳೆಯ ಕೋಶ, 7.7 ಮಿ.ಮೀ. ನಳಿಗೆಗೆ ಹೊಂದುವ ಗುಂಡು. ಮೊದಮೊದಲು ಕರಿಮದ್ದು, ಕೆಲವೇ ವರ್ಷಗಳಲ್ಲಿ ಹೊಗೆಯಿಲ್ಲದ ಕಾರ್ಡೈಟ್. ಲೋಹದ ಕವಚದ ಆ ತೆಳು ಗುಂಡು ಮೈಯನ್ನು ತೂರಿ ಹೋಗುತ್ತದೆ, ಬಿದ್ದವನು ಮತ್ತೆ ಎದ್ದು ಬರುತ್ತಾನೆ ಎಂದು ವಾಯವ್ಯ ಗಡಿಯ 1895ರ ಚಿತ್ರಾಲ್ ಕಾಳಗದ ನಂತರ ದೂರು ಬಂತು. ಡಮ್‌ಡಮ್‌ನ ಕ್ಯಾಪ್ಟನ್ ಬರ್ಟಿ-ಕ್ಲೇ ತುದಿಯ ಕವಚ ತೆಗೆದು ಸೀಸವನ್ನು ಬಯಲು ಮಾಡಿದ. ಗುಂಡು ಮಾಂಸದೊಳಗೆ ಅರಳಿ, ಗಾಯವನ್ನು ಅಗಲಿಸತೊಡಗಿತು.

1899ರ ಹೇಗ್ ಸಮ್ಮೇಳನ ಇಂಥ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು. 'ಅನಾಗರಿಕ'ರು ಸಾಧಾರಣ ಗುಂಡಿಗೆ ನಿಲ್ಲುವುದಿಲ್ಲ ಎಂದು ವಾದಿಸಿದ ಬ್ರಿಟನ್ ಇದನ್ನು ಒಪ್ಪಿದ್ದು 1907ರಲ್ಲಿ. ಮೂರೇ ವರ್ಷಕ್ಕೆ 'ತ್ರೀ ನಾಟ್ ತ್ರೀ'ಯ ಏಳನೇ ಮಾದರಿಯ ಕಾಡತೂಸು ಬಂತು. ಸುಮಾರು 11.3 ಗ್ರಾಂ ತೂಕದ ಚೂಪು ಗುಂಡು, ಸೆಕೆಂಡಿಗೆ ಸುಮಾರು 744 ಮೀಟರ್ ವೇಗ. ಕವಚ ಪೂರ್ತಿ ಇತ್ತು. ಆದರೆ ಮೂತಿಯೊಳಗೆ ಹಗುರ ಅಲ್ಯೂಮಿನಿಯಂ, ಹಿಂದೆ ಭಾರದ ಸೀಸ. ಹೀಗಾಗಿ ಮೈ ಹೊಕ್ಕೊಡನೆ ಗುಂಡು ಪಲ್ಟಿ ಹೊಡೆಯುತ್ತಿತ್ತು. ಕಾನೂನಿನ ಅಕ್ಷರ ಉಳಿಯಿತು, ಗಾಯ ದೊಡ್ಡದಾಗಿಯೇ ಉಳಿಯಿತು.

ಈ ತೊಡಕನ್ನು ಬಿಡಿಸುವ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಒಂದು ಕಾಲಕ್ಕೆ ಜೈನರ ದೊಡ್ಡ ಕೇಂದ್ರ. ಜೈನ ದರ್ಶನ ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡಾಗಿ ನೋಡುತ್ತದೆ. ಹೊರಗೆ ಕಾಣುವ ಪ್ರಾಣಹಾನಿ ಒಂದು, ಒಳಗಿನ ಕ್ರೋಧ, ಲೋಭ, ಅಜಾಗರೂಕತೆ ಇನ್ನೊಂದು. ಗೃಹಸ್ಥನ ಆತ್ಮರಕ್ಷಣೆಗೂ ಬೇಕೆಂದೇ ಕೊಲ್ಲುವುದಕ್ಕೂ ನಡುವೆ ಅದು ಗೆರೆ ಎಳೆಯುತ್ತದೆ. ಹಲವು ಯುದ್ಧ ಗೆದ್ದ ಗಂಗರ ದೊರೆ ಇಮ್ಮಡಿ ಮಾರಸಿಂಹ, ಹತ್ತನೆಯ ಶತಮಾನದಲ್ಲಿ, ರಾಜ್ಯ ಬಿಟ್ಟು ಇದೇ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಉಪವಾಸದ ಸಲ್ಲೇಖನ ವ್ರತದಿಂದ ದೇಹ ತೊರೆದ. ಗೆಲುವು ತನ್ನ ಲೆಕ್ಕವನ್ನು ತಾನೇ ತೀರಿಸುವುದಿಲ್ಲವೆಂದು ಬಲ್ಲ ಪರಂಪರೆ ಅದು.

ಈ ದೃಷ್ಟಿಯಿಂದ ನೋಡಿದರೆ 1857ರ ಮೈಲಿಗೆ, ಹೇಗ್‌ನ ನಿಷೇಧ ಎರಡೂ ದ್ರವ್ಯದ ಮೇಲೇ ಕಣ್ಣಿಟ್ಟವು. ಹೇಗ್‌ನ ನಿಷೇಧ ಬೇಕಾದದ್ದೇ, ಅದು ನೋವಿಗೊಂದು ಮಿತಿ ಹಾಕಲು ನೋಡಿತು. ಕೊಲ್ಲುವ ಸಂಕಲ್ಪ ಮಾತ್ರ ಅದರ ಅಳತೆಯ ಆಚೆಗೇ ಉಳಿಯಿತು.

ಅದೇ ಹಾವೇರಿ ಜಿಲ್ಲೆಯಲ್ಲಿ ನಡೆದ ಮೂರು ಸಾವುಗಳನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯೊಡನೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಅವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಪೊಲೀಸರ ಗುಂಡಿಗೆ ಬಲಿಯಾದರು. ಗುಂಡಿನ ಕವಚ ಪೂರ್ತಿಯಿತ್ತೇ ಎಂದು ನೋಡಿದರೆ ಆ ಮೂರು ಸಾವಿನ ನ್ಯಾಯ ತೀರದು. ವಿಚಾರಣೆ ನಡೆಯಬೇಕಾದದ್ದು ಅಪ್ಪಣೆ ಕೊಟ್ಟ ಆಳ್ವಿಕೆಯದು, ಟ್ರಿಗರ್ ಎಳೆದ ಮನಸ್ಸಿನದು.