ಓದುವವರ ಹಕ್ಕು ಎಲ್ಲಿ ಬರೆದಿದೆ?

ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ 'ಪತ್ರಿಕಾ ಸ್ವಾತಂತ್ರ್ಯ' ಅನ್ನುವ ಮಾತೇ ಇಲ್ಲ. 1948ರ ಡಿಸೆಂಬರ್ ಮೊದಲ ವಾರ ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಮುಂತಾದವರು ಅದನ್ನು ಪ್ರತ್ಯೇಕವಾಗಿ ಬರೆಯಿರಿ ಎಂದು ಕೇಳಿದ್ದರು. ಅಂಬೇಡ್ಕರ್ ಒಪ್ಪಲಿಲ್ಲ. ಸಂಪಾದಕನೂ ಒಬ್ಬ ನಾಗರಿಕ, ಬೇರೆಯವರಿಗಿಲ್ಲದ ಹಕ್ಕು ಅವನಿಗೇಕೆ, 19(1)(ಎ)ಯ ವಾಕ್ ಸ್ವಾತಂತ್ರ್ಯದಲ್ಲಿ ಅದೂ ಬರುತ್ತದೆ ಎಂಬುದು ಅವರ ವಾದ.

ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ "ಅದು ಇದರಲ್ಲೇ ಬರುತ್ತೆ ಬಿಡಿ" ಎಂದು ಯಾರಾದರೂ ಅಂದರೆ ನನಗೆ ಭಯ. ಬರೆಯದ್ದನ್ನು ಯಾರೂ ಟೆಸ್ಟ್ ಮಾಡುವುದಿಲ್ಲ. ಆದರೂ ಇಲ್ಲಿ ನನ್ನ ಓಟು ಅಂಬೇಡ್ಕರರಿಗೇ. ಪತ್ರಿಕೆಗೆ ಮಾತ್ರ ಹಕ್ಕು ಅಂದರೆ, ಯಾವುದು ಪತ್ರಿಕೆ ಎಂದು ಹೇಳುವ ಅಧಿಕಾರ ಯಾವುದೋ ಕಚೇರಿಯ ಮೇಜಿಗೆ ಹೋಗುತ್ತದೆ. ಊರು ಬಿಟ್ಟ ನಾಲ್ಕು ಜನ ಸೇರಿ ನಡೆಸುವ ಇಂಥ ಪುಟಗಳು ಆ ಪಟ್ಟಿಯಲ್ಲಿ ಇರುತ್ತಿದ್ದವೇ?

ನನ್ನ ತಕರಾರು ಬೇರೆ. ಸಂವಿಧಾನ ಜಾರಿಯಾದ 34ನೇ ದಿನ, 1950ರ ಮಾರ್ಚ್ 1ರಂದು, ಮದ್ರಾಸ್ ಸರ್ಕಾರ ಒಂದು ಆದೇಶ ಹೊರಡಿಸಿತು. ಮುಂಬಯಿಯ ಇಂಗ್ಲಿಷ್ ವಾರಪತ್ರಿಕೆ 'ಕ್ರಾಸ್ ರೋಡ್ಸ್' ರಾಜ್ಯದೊಳಗೆ ಬರಕೂಡದು, ಮಾರಕೂಡದು, ಹಂಚಕೂಡದು. ನಾನೀಗ ಕೆಲಸ ಮಾಡುವ ವಿಶಾಖಪಟ್ಟಣ, ತಿಂಗಳಿಗೊಮ್ಮೆ ರತ್ನಾಚಲ್ ಹತ್ತಿ ಹೋಗುವ ವಿಜಯವಾಡ ಆಗ ಮದ್ರಾಸಿನಲ್ಲೇ ಇದ್ದವು. ನಮ್ಮ ಬಳ್ಳಾರಿ, ಮಂಗಳೂರು, ಕಾಸರಗೋಡು ಕೂಡ. ಸಂಪಾದಕ ರೊಮೇಶ್ ಥಾಪರ್ ಮುಂಬಯಿಯಲ್ಲಿ ಬರೆಯುವುದಕ್ಕೆ ಆ ಆದೇಶದಿಂದ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಬೆಜವಾಡದಲ್ಲೋ ಬಳ್ಳಾರಿಯಲ್ಲೋ ಕೂತು ಓದುವವರಿಗೆ. ಕೋರ್ಟಿಗೆ ಹೋದವರು ಮಾತ್ರ ಥಾಪರ್. ಮೇ 26ರಂದು ಸುಪ್ರೀಂ ಕೋರ್ಟ್ ಆದೇಶವನ್ನು ರದ್ದು ಮಾಡಿತು. ಜನರ ಕೈಗೆ ತಲುಪದಿದ್ದರೆ ಅಚ್ಚು ಹಾಕಿ ಏನು ಬಂತು ಎಂಬ ಅರ್ಥದ ಮಾತು ಪತಂಜಲಿ ಶಾಸ್ತ್ರಿಗಳ ತೀರ್ಪಿನಲ್ಲಿದೆ. ಮರುವರ್ಷ ಮೊದಲ ತಿದ್ದುಪಡಿ ಬಂದು 'ಸಾರ್ವಜನಿಕ ಸುವ್ಯವಸ್ಥೆ' ನಿರ್ಬಂಧಗಳ ಪಟ್ಟಿಗೆ ಸೇರಿತು. ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಪದವೂ ಜೊತೆಗೇ ಸೇರಿತು, ಅದನ್ನೂ ಹೇಳಬೇಕು.

ಒಂದು ದೃಷ್ಟಿಯಿಂದ ಆ ಮದ್ರಾಸ್ ಸರ್ಕಾರ ಪ್ರಾಮಾಣಿಕ. ಮಾಡಿದ್ದನ್ನು ಕಾಗದದ ಮೇಲೆ ಬರೆದು ಗೆಜೆಟ್ಟಿನಲ್ಲಿ ಹಾಕಿತ್ತು. 2019ರಲ್ಲಿ ಆಂಧ್ರದಲ್ಲಿ ಸರ್ಕಾರ ಬದಲಾದ ಮೇಲೆ ಟಿವಿ5, ಎಬಿಎನ್ ಆಂಧ್ರಜ್ಯೋತಿ ಹಲವೆಡೆ ಕೇಬಲ್‌ನಿಂದ ಮಾಯವಾದವು. 2024ರ ಜೂನ್‌ನಲ್ಲಿ ಸರ್ಕಾರ ಮತ್ತೆ ಬದಲಾಯಿತು. ಈ ಸಲ ಸಾಕ್ಷಿ, ಟಿವಿ9, ಎನ್‌ಟಿವಿ, 10ಟಿವಿ. ನಮ್ಮ ಕೈವಾಡವಿಲ್ಲ ಎಂದಿತು ಆಡಳಿತ ಪಕ್ಷ. ಟಿವಿ9 ವಿಷಯ ದೆಹಲಿ ಹೈಕೋರ್ಟ್‌ವರೆಗೂ ಹೋಯಿತು. ಅಲ್ಲೂ ನ್ಯಾಯ ಕೇಳಿದ್ದು ಚಾನೆಲ್ಲೇ, ನೋಡುವವರಲ್ಲ. ಯಾವ ಚಾನೆಲ್ ಯಾವ ಪಕ್ಷದ ಕಡೆ ಎಂದು ಇಲ್ಲಿ ಆಟೋ ಓಡಿಸುವವರೂ ಹೇಳುತ್ತಾರೆ. ಹಾಗಾಗಿ ಪ್ರತಿ ಸಲವೂ ಅರ್ಧ ಊರಿಗೆ ಒಳಗೊಳಗೇ ಖುಷಿ. ನನಗೆ ಹಿಡಿಸದ ಚಾನೆಲ್ ಎದುರು ಮನೆಯವರಿಗೆ ಸಿಗದಿದ್ದರೆ ನನಗೆ ನಷ್ಟವೇನು ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ.

ಅಂಬೇಡ್ಕರ್ ಉತ್ತರ ಕೊಟ್ಟ ಮರುವಾರವೇ, ಡಿಸೆಂಬರ್ 10ರಂದು, ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿತು. ಕಾಕತಾಳೀಯವಾಗಿ ಅಲ್ಲಿಯೂ ಇದು 19ನೇ ವಿಧಿ. ಅದರಲ್ಲಿ ಮಾಹಿತಿಯನ್ನು ಹುಡುಕುವ, ಪಡೆಯುವ, ಹಂಚುವ ಮೂರೂ ಹಕ್ಕುಗಳಿವೆ. ನಮ್ಮ ನ್ಯಾಯಾಲಯಗಳೂ ತಿಳಿಯುವ ಹಕ್ಕನ್ನು 19(1)(ಎ)ಯೊಳಗೆ ಓದಿಕೊಂಡಿವೆ, ನಿಜ. ಆದರೆ 'ಪಡೆಯುವ' ಎಂಬ ಒಂದು ಪದ ನಮ್ಮ ಮೂಲ ಪಠ್ಯದಲ್ಲೇ ಇರಬೇಕಿತ್ತು ಅನ್ನಿಸುತ್ತದೆ.

ಇದಕ್ಕೆ ಗೆಳೆಯರೊಬ್ಬರ ಆಕ್ಷೇಪ ಗಟ್ಟಿಯಾದದ್ದು. ಓದುವವರಿಗೆ ಹಕ್ಕು ಕೊಟ್ಟರೆ, ನಾಳೆ ಸರ್ಕಾರವೇ "ಜನರಿಗೆ ಸರಿಯಾದ ಸುದ್ದಿ ಪಡೆಯುವ ಹಕ್ಕಿದೆ" ಎಂದು ಕತ್ತರಿ ಹಿಡಿದು ಬರುತ್ತದಲ್ಲ? ಬರುತ್ತದೆ. ಆದ್ದರಿಂದ ನಾನು ಕೇಳುವುದು ಚಿಕ್ಕದು: ತಡೆಯುವವರು ಕಾರಣ ಬರೆದು, ಹೆಸರು ಹಾಕಿ, ಸಹಿ ಮಾಡಲಿ, ಬಾರದೇ ಹೋದದ್ದರ ಬಗ್ಗೆ ನ್ಯಾಯಾಲಯದಲ್ಲಿ ಕೇಳಲು ಚಾನೆಲ್ಲಿನ ಮಾಲೀಕರಿಗೆ ಇರುವಷ್ಟೇ ಅವಕಾಶ ತಿಂಗಳ ಕೇಬಲ್ ಬಿಲ್ ಕಟ್ಟುವ ಎದುರು ಮನೆಯವರಿಗೂ ಇರಲಿ.